ಹೊನ್ನು ಬಿಡಿಸುವ ಅಣುಜೀವಿಗಳು

ಹುಕ್ಕೇರಿ ತಾಲೂಕಿನ ಸಂಕೇಶ್ವರದ ಬಳಿ ಹರಿದು ಮುಂದೆ ಘಟಪ್ರಭೆಯನ್ನು ಕೂಡುವ ಹೊಳೆಗೆ ಹಿರಣ್ಯಕೇಶಿ ಎಂದು ಹೆಸರು. ಹೊನ್ನಿನ ಕೂದಲಿನವಳು ಎಂದು ಅದರ ಅರ್ಥ. ಹೆಸರಿನಲ್ಲಿ ಹೊನ್ನಿದೆ, ಹೊಳೆಯಲ್ಲಿಲ್ಲ. ಈ ಹೊಳೆಯ ಮರಳನ್ನು ಎಷ್ಟು ಜಾಲಿಸಿದರೂ ಬಂಗಾರದ ಒಂದು ಕಣವೂ ಕೈಗೆ ಹತ್ತಲಾರದು. ಹುಕ್ಕೇರಿಯ ಪಶ್ಚಿಮಕ್ಕೆ ಇರುವುದೆಲ್ಲ ಜ್ವಾಲಾಮುಖಿಯ ಲಾವಾ ಹರಿದು ಹೆಪ್ಪುಗಟ್ಟಿದ ಕರಿಕಲ್ಲು. ಗೋಕಾಕದ ಜಲಪಾತ ೧೭೦ ಅಡಿ ಕೆಳಕ್ಕೆ ಧುಮುಕುವುದು ಕಲಾದಗಿ ವರ್ಗದ ಮರಳುಗಲ್ಲಿನ ಮೇಲಿಂದ. ಇವೆರಡೂ ಚಿನ್ನದ ತವರಲ್ಲ. ಚಿನ್ನದ ತವರು ಇವೆರಡಕ್ಕಿಂತ ಎಷ್ಟೋ ಪ್ರಾಚೀನವಾದ, ಭೂಗರ್ಭಶಾಸ್ತ್ರಜ್ಞರು ಧಾರವಾಡ ಶಿಲಾವರ್ಗವೆಂದು ಕರೆಯುವ, ಪದರು ಪದರಾದ ಹಸಿರುಗಪ್ಪು ಬಂಡೆ. ಅದು ನಮ್ಮ ಜಿಲ್ಲೆಯಲ್ಲಿ ತಲೆ ಎತ್ತುವುದು ತೆಂಕಣ ದಿಕ್ಕಿಗೆ, ಮಲಪ್ರಭೆಯ ಸೀಮೆಯಲ್ಲಿ. ಬೆಳವಡಿ, ಬೈಲಹೊಂಗಲ, ಮುರಗೋಡಗಳ ಸುತ್ತ ಚಿನ್ನದ ಸುಳಿವು ಉಂಟೆಂದು ೧೯ನೆಯ ಶತಮಾನದ ಬರಹಗಳಲ್ಲಿ ದಾಖಲಾಗಿರುವುದು ಇದಕ್ಕೆ ಸರಿಹೊಂದುತ್ತದೆ.

ಮೂಡಲಗಿಯ ಕಡೆಯ ವಿದ್ಯಾರ್ಥಿಯೊಬ್ಬ, “ಹಂಗಾದರ ನಮ್ಮ ಕಡೆ ಬಂಗಾರ ಅಂಬೂದು ಪ್ಯಾಟ್ಯಾಗಷ್ಟ ಏನ್ರೀ ಸರ?” ಎಂದು ಕೇಳಿದ್ದುಂಟು. ಹೌದು ಎನ್ನದೆ ವಿಧಿಯಿಲ್ಲ. ಆದರೆ ಆ ಪೇಟೆಯ ಬಂಗಾರ ನೆಲದೊಳಗಿಂದ ಹೇಗೆ ಮೇಲಕ್ಕೆ ಬಂತು ಎಂಬ ಕಥೆಯಲ್ಲಿ ನಮ್ಮ ಗಾಣದ ಮನೆಯವರಿಗೂ ಸಕ್ಕರೆ ಕಾರ್ಖಾನೆಯ ಬಟ್ಟಿಯವರಿಗೂ ಪರಿಚಯವಾದ ಒಂದು ಪಾತ್ರವಿದೆ. ಕಣ್ಣಿಗೆ ಕಾಣದ ಅಣುಜೀವಿಯದು ಆ ಪಾತ್ರ. ಅದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಜಲಗಾರರನ್ನು ನೆನೆಯಬೇಕು. ಈ ಶಬ್ದ ಕೇಳಿದೊಡನೆ ಇಂದಿನ ಓದುಗರಿಗೆ ಬೀದಿ ಗುಡಿಸುವವನ ಚಿತ್ರ ಬರುತ್ತದೆ. ಹಿಂದಿನ ಅರ್ಥವೇ ಬೇರೆ. ಹಳ್ಳದ ಮರಳನ್ನು ತಟ್ಟೆಯಲ್ಲಿ ತೊಳೆದು, ಅಕ್ಕಸಾಲಿಗರ ಓಣಿಯ ಧೂಳನ್ನು ಸೋಸಿ, ಅದರೊಳಗಿನ ಹೊನ್ನಿನ ಕಣಗಳನ್ನು ಆಯ್ದು ಬದುಕಿದವನು ಜಲಗಾರ. ೧೮೭೪ರಲ್ಲಿ ಭೂಗರ್ಭ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸನು ಡಂಬಳದ ಗುಡ್ಡಗಳ, ಎಂದರೆ ಇಂದಿನ ಗದಗ ಜಿಲ್ಲೆಯ ಕಪ್ಪತಗುಡ್ಡದ ಸೀಮೆಯ, ಚಿನ್ನದ ಶಿಲೆಗಳನ್ನು ಕುರಿತು ಬರೆದಾಗ ಅಲ್ಲಿ ಜಲಗಾರರು ಇನ್ನೂ ಕೆಲಸದಲ್ಲಿದ್ದರು. ಸೊರಟೂರು, ದೋಣಿಗಳ ಹಳ್ಳಗಳಲ್ಲಿ ಮಳೆ ಬಂದು ಹೋದ ಮೇಲೆ ಅವರು ಮರಳನ್ನು ತೊಳೆಯುತ್ತಿದ್ದರು. ಮದ್ರಾಸಿನ ಪಲ್ಲಾವರದಲ್ಲಿ ೧೮೬೩ರಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಗುರುತಿಸಿದವನೂ ಇದೇ ಫೂಟ್. ಧಾರವಾಡ ಶಿಲಾವರ್ಗಕ್ಕೆ ಆ ಹೆಸರನ್ನಿಟ್ಟವನೂ ಅವನೇ. ಕೋಲಾರದ ಕಡೆ ೧೮೦೨ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬಾತನು ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಣ್ಣಾರೆ ಕಂಡಿದ್ದನು. ಹೀಗೆ ಯೂರೋಪಿಯನ್ ಪರಿಶೋಧಕರೆಲ್ಲರೂ ನಮ್ಮ ಬಡ ಜಲಗಾರನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆದವರೇ. ಕಂಪನಿಗಳ ಚರಿತ್ರೆಯಲ್ಲಿ ಅವನ ಹೆಸರು ಬರುವುದಿಲ್ಲ ಎಂಬುದು ಬೇರೆ ಮಾತು.

ಹಳ್ಳದ ಮರಳಿನಿಂದ ಬಂಡೆಗೆ ಇಳಿದವರು ಇನ್ನೂ ಹಳಬರು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪುರಾತನರು ತೋಡಿದ ಗಣಿ ೬೪೦ ಅಡಿ ಆಳದವರೆಗೆ ಇಳಿದಿತ್ತು. ಮದ್ದು ಇಲ್ಲದ, ಯಂತ್ರ ಇಲ್ಲದ ಕಾಲ. ಬಂಡೆಯ ಮಗ್ಗುಲಿಗೆ ಕಟ್ಟಿಗೆಯೊಟ್ಟಿ ಬೆಂಕಿಯಿಟ್ಟು ಕಾಯಿಸುವುದು, ಕಾದು ಬಿರಿದ ಕಲ್ಲನ್ನು ಕಿತ್ತು ಮೇಲಕ್ಕೆ ಸಾಗಿಸುವುದು, ಬಂಡೆಯಲ್ಲೇ ಕೊರೆದ ಗುಳಿಗಳಲ್ಲಿ ಅದನ್ನು ಕುಟ್ಟಿ ಅರೆಯುವುದು, ಅರೆದುದನ್ನು ನೀರಿನಲ್ಲಿ ತೊಳೆಯುವುದು—ಇದು ಅವರ ವಿಧಾನ. ಆ ಹಳೆಯ ಗಣಿಯೊಳಗೆ ಸಿಕ್ಕ ಮರದ ತುಂಡುಗಳನ್ನು ಇಂಗಾಲದ ಪರೀಕ್ಷೆಗೆ ಒಳಪಡಿಸಿದಾಗ ಅವು ಸುಮಾರು ೧೯೦೦ ವರ್ಷ ಹಿಂದಿನವೆಂದು ತಿಳಿದುಬಂತು. ಕೇಂಬ್ರಿಜ್ಜಿನ ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ ೧೯೬೨ರಲ್ಲಿ ಪ್ರಾಚೀನ ಭಾರತದ ಚಿನ್ನದ ಗಣಿಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಹಟ್ಟಿಗೆ ದೊಡ್ಡ ಸ್ಥಾನ ಕೊಟ್ಟಿದ್ದಾರೆ. ಹಟ್ಟಿಗೆ ಬಹು ದೂರವಲ್ಲದ ಮಸ್ಕಿಯಲ್ಲಿ ಅಶೋಕನ ಶಾಸನವಿದೆ. ದೇವಾನಾಂಪ್ರಿಯನೆಂದಷ್ಟೇ ಅದುವರೆಗೆ ಶಾಸನಗಳಿಂದ ತಿಳಿದಿದ್ದ ಅರಸನ ಹೆಸರು ಅಶೋಕ ಎಂಬುದು ಮೊದಲು ಅಲ್ಲಿ ಖಚಿತವಾಯಿತು ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ೧೯೧೫ರಲ್ಲಿ ಆ ಶಾಸನವನ್ನು ಕಂಡುಹಿಡಿದ ಬೀಡನ್ ಎಂಬಾತನು ಪಂಡಿತನಲ್ಲ, ಚಿನ್ನದ ಗಣಿಯ ಇಂಜಿನಿಯರ್ ಎಂಬುದನ್ನು ಬಲ್ಲವರು ಕಡಿಮೆ. ಹೊನ್ನನ್ನು ಹುಡುಕುತ್ತ ಹೋದವನಿಗೆ ಅಶೋಕ ಸಿಕ್ಕಿದ! ಬ್ರಹ್ಮಗಿರಿಯ ಶಾಸನದಲ್ಲಿ ಬರುವ ಸುವರ್ಣಗಿರಿ ಎಂಬ ಮೌರ್ಯರ ದಕ್ಷಿಣದ ರಾಜಧಾನಿಯನ್ನು ವಿದ್ವಾಂಸರು ಈ ಸೀಮೆಯಲ್ಲೇ ಹುಡುಕಿದುದು ಸಹಜ.

ಇಲ್ಲಿ ಒಂದು ಪ್ರಶ್ನೆಯೇಳುತ್ತದೆ. ಹಟ್ಟಿಯಂಥ ಕೆಲವೆಡೆಗಳನ್ನು ಬಿಟ್ಟರೆ ಹಳಬರ ಚಿನ್ನದ ಗುಂಡಿಗಳಲ್ಲಿ ಹೆಚ್ಚಿನವು ಆಳವಿಲ್ಲ. ನಾಡಿನ ಉದ್ದಕ್ಕೂ ಚೆದುರಿರುವ ಇಂಥ ಗುಂಡಿಗಳು ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟಿವೆ. ನೀರು ಉಕ್ಕಿದ್ದು ಒಂದು ಕಾರಣ, ನಿಜ. ಗಾಳಿ ಸಾಲದಾದದ್ದು ಇನ್ನೊಂದು. ಆದರೆ ಮೂರನೆಯದೊಂದು ಕಾರಣವಿದೆ. ಆ ಮಟ್ಟದಿಂದ ಕೆಳಕ್ಕೆ ಹೋದಂತೆ ಬಂಡೆಯಲ್ಲಿ ಚಿನ್ನವಿದ್ದರೂ ತೊಳೆದರೆ ಸಿಗುವುದಿಲ್ಲ.

ಚಿನ್ನವು ಬಂಡೆಯಲ್ಲಿ ಎರಡು ರೀತಿಯಾಗಿ ಇರುತ್ತದೆ. ಒಂದು, ಬೆಣಚುಕಲ್ಲಿನ ಸೀಳಿನಲ್ಲಿ ಬಿಡಿಯಾಗಿ ಇರುವುದು. ಕಲ್ಲನ್ನು ಅರೆದರೆ ಅದು ಬೇರೆಯಾಗುತ್ತದೆ. ಭಾರವಾದುದರಿಂದ ತಟ್ಟೆಯ ತಳಕ್ಕೆ ನಿಲ್ಲುತ್ತದೆ. ಇನ್ನೊಂದು, ಕಬ್ಬಿಣವೂ ಗಂಧಕವೂ ಕೂಡಿದ ಪೈರೈಟ್ ಎಂಬ ಖನಿಜದೊಳಗೆ, ಅಥವಾ ಅವೆರಡರೊಡನೆ ಪಾಷಾಣವೂ ಸೇರಿದ ಆರ್ಸೆನೊಪೈರೈಟ್ ಎಂಬುದರೊಳಗೆ, ಸೂಕ್ಷ್ಮದರ್ಶಕಕ್ಕೂ ಕಾಣಿಸದಷ್ಟು ಸಣ್ಣದಾಗಿ ಹುದುಗಿರುವುದು. ನಮ್ಮ ವೈದ್ಯರು ಮಾಕ್ಷಿಕವೆಂದು ಕರೆದು ಭಸ್ಮ ಮಾಡುತ್ತಿದ್ದುದು ಈ ಜಾತಿಯ ಖನಿಜಗಳನ್ನೇ. ಮಾಕ್ಷಿಕ ನೋಡಲಿಕ್ಕೆ ಬಂಗಾರದಂತೆ ಹೊಳೆಯುತ್ತದೆ, ಬಂಗಾರವಲ್ಲ; ತಮಾಷೆಯೆಂದರೆ ಎಷ್ಟೋ ಕಡೆ ಈ ಹುಸಿ ಬಂಗಾರದ ಹೊಟ್ಟೆಯೊಳಗೆ ನಿಜವಾದ ಬಂಗಾರ ಅಡಗಿರುತ್ತದೆ. ಅದನ್ನು ಹಿಟ್ಟಿನಂತೆ ಬೀಸಿದರೂ ಪ್ರತಿಯೊಂದು ಕಣದ ಸುತ್ತ ಗಂಧಕ-ಕಬ್ಬಿಣದ ಕವಚ ಉಳಿದೇ ಇರುತ್ತದೆ. ಇಂಥ ಅದಿರನ್ನು ಗಣಿಯವರು ಮೊಂಡು ಅದಿರೆಂದು ಗಣಿಸುತ್ತಾರೆ.

ಹಾಗಾದರೆ ನೆಲದ ಮೇಲ್ಭಾಗದಲ್ಲಿ ಮಾತ್ರ ಅದೇ ಬಂಡೆಯ ಚಿನ್ನ ಬಿಡಿಯಾಗಿ ಸಿಕ್ಕಿದುದು ಹೇಗೆ? ಆ ಕವಚವನ್ನು ಒಡೆದವರು ಯಾರು? ಹಳ್ಳದ ಮರಳಿಗೆ ಕಣಗಳನ್ನು ಕಳಿಸಿಕೊಟ್ಟವರು ಯಾರು? ಉತ್ತರ ದೊರೆತದ್ದು ೨೦ನೆಯ ಶತಮಾನದ ನಡುವಿನಲ್ಲಿ. ಅಷ್ಟರೊಳಗೆ ನಮ್ಮ ನಾಡಿನ ಗಣಿಗಳಲ್ಲಿ ದೊಡ್ಡ ಆಟವೊಂದು ನಡೆದುಹೋಗಿತ್ತು.

ಆ ಆಟದಲ್ಲಿ ಗೆದ್ದದ್ದು ಕೋಲಾರ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂದಿತು. ಮೊದಲ ಕೆಲವು ವರ್ಷ ಹಣವೆಲ್ಲ ಕರಗಿ, ಶೇರುದಾರರು ಕೈತೊಳೆದುಕೊಳ್ಳುವ ಹೊತ್ತಿಗೆ, ಹಳಬರ ಗುಂಡಿಗಳ ಬುಡದಾಚೆ ಛಾಂಪಿಯನ್ ರೀಫ್ ಎಂಬ ಸಿರಿವಂತ ಪಟ್ಟೆ ಸಿಕ್ಕಿತು. ಅಲ್ಲಿ ಆಳಕ್ಕೆ ಹೋದರೂ ಚಿನ್ನ ಬಹುಮಟ್ಟಿಗೆ ಬೆಣಚುಕಲ್ಲಿನಲ್ಲಿ ಬಿಡಿಯಾಗಿಯೇ ಇತ್ತು. ಮೊದಲ ಕಾಲದಲ್ಲಿ ಟನ್ನಿಗೆ ಮೂರು ನಾಲ್ಕು ತೊಲೆ ಕೊಟ್ಟ ಕಲ್ಲು ಅದು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹೋಯಿತು. ಗಣಿ ಮೂರು ಕಿಲೋಮೀಟರಿಗೂ ಆಳವಾಯಿತು. ಒಟ್ಟು ೮೦೦ ಟನ್ನಿನಷ್ಟು ಚಿನ್ನ ಕೊಟ್ಟು ೨೦೦೧ರ ಫೆಬ್ರುವರಿ ೨೮ರಂದು ಮುಚ್ಚಿತು. ಈ ಕಥೆ ಬೇಕಾದಷ್ಟು ಸಲ ಹೇಳಲ್ಪಟ್ಟಿದೆ. ಕೋಲಾರದ ಗಣಿಗಾರರ ಸಾಹಸ ದೊಡ್ಡದು, ಸಂಶಯವಿಲ್ಲ. ಆದರೆ ಅಲ್ಲಿನ ಬಂಡೆಯೂ ಒಳ್ಳೆಯ ಸ್ವಭಾವದ್ದಾಗಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ.

ಗದಗಿಗೆ ಆ ಭಾಗ್ಯ ಇರಲಿಲ್ಲ. ಕೋಲಾರವನ್ನು ಕಂಡು ಬಾಯಲ್ಲಿ ನೀರೂರಿದ ಲಂಡನ್ನಿನ ಹಣವಂತರು ೨೦ನೆಯ ಶತಮಾನದ ಮೊದಲ ದಶಕದಲ್ಲಿ ಕಪ್ಪತಗುಡ್ಡದ ಸುತ್ತ ಧಾರವಾಡದ ಹೆಸರಿನಲ್ಲಿ ಒಂದು, ಸಾಂಗಲಿಯ ಹೆಸರಿನಲ್ಲಿ ಒಂದು ಹೀಗೆ ಗಣಿಗಳನ್ನು ಎಬ್ಬಿಸಿದರು. ಸಾಂಗಲಿಯ ಹೆಸರು ಇಲ್ಲಿಗೆ ಹೇಗೆ ಬಂತೆಂದು ಓದುಗರು ಅಚ್ಚರಿಪಡಬೇಕಿಲ್ಲ. ಶಿರಹಟ್ಟಿಯ ಸೀಮೆ ಆಗ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಕಬುಲಾಯತಕಟ್ಟಿ, ಹೊಸೂರುಗಳ ಬಳಿ ಬಾವಿ ತೋಡಿದರು, ಯಂತ್ರ ಹೂಡಿದರು. ಎರಡನೆಯ ದಶಕದ ಆರಂಭದಲ್ಲಿ ಎಲ್ಲವೂ ಮಲಗಿಬಿಟ್ಟಿತು. ಶೇರು ಪೇಟೆಯ ಹುರುಪಿಗೆ ತಕ್ಕಷ್ಟು ಚಿನ್ನ ಆ ಕಲ್ಲಿನಲ್ಲಿ ಇರಲಿಲ್ಲವೆಂಬುದು ಮುಖ್ಯ ಕಾರಣ. ಆದರೆ ಗದಗಿನ ಬಂಡೆಯ ಗುಣವನ್ನೂ ಮರೆಯಬಾರದು. ಅಲ್ಲಿ ಚಿನ್ನದ ಸಂಗಡ ಪೈರೈಟು ಇದೆ, ಆರ್ಸೆನೊಪೈರೈಟು ಇದೆ. ಮೇಲೆ ಜಲಗಾರನ ತಟ್ಟೆಗೆ ಸುಲಭವಾಗಿ ಬಂದ ಹೊನ್ನು ಕೆಳಗೆ ಕವಚ ತೊಟ್ಟು ಕುಳಿತಿತ್ತು.

ಆ ಕಾಲದ ರಸಾಯನಶಾಸ್ತ್ರ ಸುಮ್ಮನೆ ಕುಳಿತಿರಲಿಲ್ಲ. ಗ್ಲಾಸ್ಗೋ ನಗರದಲ್ಲಿ ಜಾನ್ ಸ್ಟೂವರ್ಟ್ ಮ್ಯಾಕ್‌ಆರ್ಥರ್ ಎಂಬ ರಸಾಯನಜ್ಞನೂ ಫಾರೆಸ್ಟ್ ಎಂಬ ಇಬ್ಬರು ವೈದ್ಯ ಸೋದರರೂ ಕೂಡಿ ೧೮೮೭ರಲ್ಲಿ ಸೈನೈಡಿನ ವಿಧಾನಕ್ಕೆ ಹಕ್ಕುಪತ್ರ ಪಡೆದರು. ತೆಳುವಾದ ಸೈನೈಡ್ ದ್ರಾವಣದಲ್ಲಿ, ಗಾಳಿಯ ಸಹಾಯದಿಂದ, ಚಿನ್ನವು ಉಪ್ಪಿನಂತೆ ಕರಗುತ್ತದೆ. ಪಾದರಸಕ್ಕೆ ಅಂಟದೆ ತಪ್ಪಿಸಿಕೊಂಡ ಚಿನ್ನವೆಲ್ಲ ಇದರಿಂದ ಕೈಗೆ ಬಂತು. ಕೋಲಾರದಲ್ಲಿ ಇಂದಿಗೂ ನಿಂತಿರುವ ಸೈನೈಡ್ ದಿಬ್ಬಗಳು, ಮೂರು ಕೋಟಿ ಟನ್ನಿಗೂ ಮೀರಿದ ಆ ಬೂದುಬಣ್ಣದ ಗುಡ್ಡಗಳು, ಆ ವಿಧಾನದ ಸ್ಮಾರಕಗಳೇ. ಆದರೆ ಸೈನೈಡು ಚಿನ್ನವನ್ನು ಕರಗಿಸಬೇಕಾದರೆ ಅದಕ್ಕೆ ಚಿನ್ನ ತಾಗಬೇಕಷ್ಟೆ! ಕವಚದೊಳಗಿನ ಚಿನ್ನವನ್ನು ಅದು ಮುಟ್ಟಲಾರದು. ಮೊಂಡು ಅದಿರಿಗೆ ನೇರವಾಗಿ ಸೈನೈಡು ಹಾಕಿದರೆ ಅರ್ಧಕ್ಕಿಂತ ಹೆಚ್ಚು ಚಿನ್ನ ಕಲ್ಲಿನಲ್ಲೇ ಉಳಿದು ತಿಪ್ಪೆಗೆ ಹೋಗುವುದುಂಟು.

ಇದಕ್ಕೆ ಹಳೆಯ ಉಪಾಯ ಹುರಿಯುವುದು. ಅದಿರನ್ನು ಕುಲುಮೆಯಲ್ಲಿ ಹುರಿದರೆ ಗಂಧಕ ಹೊಗೆಯಾಗಿ ಹೋಗುತ್ತದೆ, ಪಾಷಾಣವೂ ಬಿಳಿಯ ಹೊಗೆಯಾಗಿ ಹೋಗುತ್ತದೆ, ಉಳಿದ ತುಕ್ಕಿನೊಳಗಿಂದ ಚಿನ್ನ ಸಿಗುತ್ತದೆ. ಆ ಬಿಳಿಯ ಹೊಗೆ ಆರಿದರೆ ಶಂಖಪಾಷಾಣ. ನಮ್ಮ ಹಳೆಯ ಕಥೆಗಳಲ್ಲಿ ಅರಸರ ಊಟದಲ್ಲಿ ಬೆರೆಯುತ್ತಿದ್ದ ವಿಷ ಇದೇ. ಕೆನಡಾದ ಯೆಲ್ಲೋನೈಫ್ ಎಂಬ ಊರಿನ ಜೈಂಟ್ ಗಣಿಯಲ್ಲಿ ೧೯೪೮ರಿಂದ ೧೯೯೯ರವರೆಗೆ ಹೀಗೆ ಹುರಿದುದರ ಫಲವಾಗಿ ೨,೩೭,೦೦೦ ಟನ್ ಶಂಖಪಾಷಾಣ ನೆಲದಡಿಯ ಕೋಣೆಗಳಲ್ಲಿ ಕೂಡಿಬಿದ್ದಿದೆ. ಅದು ನೀರಿಗೆ ಸೇರದಂತೆ ಅಲ್ಲಿಯ ನೆಲವನ್ನೇ ಹಿಮಗಟ್ಟಿಸಿ ಇಡುವ ಯೋಜನೆಯನ್ನು ಆ ಸರ್ಕಾರ ಕೈಗೊಳ್ಳಬೇಕಾಯಿತು.

ಈಗ ಅಣುಜೀವಿಯ ವಿಷಯಕ್ಕೆ ಬರೋಣ. ಸ್ಪೇನ್ ದೇಶದಲ್ಲಿ ರಿಯೊ ಟಿಂಟೊ ಎಂಬ ನದಿ ಹರಿಯುತ್ತದೆ. ಬಣ್ಣ ಬಳಿದ ಹೊಳೆ ಎಂಬ ಅರ್ಥದ ಹೆಸರು. ಅದರ ನೀರು ದ್ರಾಕ್ಷಾರಸದಂತೆ ಕೆಂಪು, ಲಿಂಬೆಹುಳಿಯಂತೆ ಹುಳಿ. ರೋಮನರ ಕಾಲಕ್ಕೂ ಹಿಂದಿನಿಂದ ಅದರ ದಂಡೆಯಲ್ಲಿ ತಾಮ್ರದ ಗಣಿಗಳಿದ್ದವು. ಗಣಿಯಿಂದ ಒಸರುವ ನೀರಿನಲ್ಲಿ ತಾಮ್ರ ಕರಗಿ ಬರುವುದನ್ನು ಜನ ಬಲ್ಲವರಾಗಿದ್ದರು. ಚೀನದಲ್ಲಿ ಸೊಂಗ್ ವಂಶದ ಕಾಲದಲ್ಲಿ ಇಂಥ ನೀಲಿನೀರಿಗೆ ಕಬ್ಬಿಣವನ್ನು ಹಾಕಿ ತಾಮ್ರ ತೆಗೆಯುತ್ತಿದ್ದರು. ಇದೆಲ್ಲ ಬರಿಯ ಗಾಳಿಮಳೆಯ ಕೆಲಸವೆಂದೇ ಎಲ್ಲರೂ ತಿಳಿದಿದ್ದರು. ೧೯೪೭ರಲ್ಲಿ ಅಮೇರಿಕದ ಪಶ್ಚಿಮ ವರ್ಜೀನಿಯದಲ್ಲಿ ಕೋಲ್ಮರ್ ಮತ್ತು ಹಿಂಕಲ್ ಎಂಬಿಬ್ಬರು ಕಲ್ಲಿದ್ದಲಿನ ಗಣಿಯಿಂದ ಹೊರಟು ಹೊಳೆಗಳನ್ನು ಕೆಡಿಸುತ್ತಿದ್ದ ಹುಳಿನೀರನ್ನು ಪರೀಕ್ಷಿಸುತ್ತ, ಆ ನೀರಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯವೇ ಈ ಹುಳಿಗೆ ಕಾರಣವೆಂದು ತೋರಿಸಿಕೊಟ್ಟರು. ೧೯೫೧ರಲ್ಲಿ ಅದಕ್ಕೆ ಥಯೊಬ್ಯಾಸಿಲಸ್ ಫೆರೊಆಕ್ಸಿಡಾನ್ಸ್ ಎಂದು ನಾಮಕರಣವಾಯಿತು. ೨೦೦೦ದಲ್ಲಿ ಅದರ ಗೋತ್ರ ಬದಲಿಸಿ ಅಸಿಡಿಥಯೊಬ್ಯಾಸಿಲಸ್ ಎಂದರು. ಹೆಸರು ಉದ್ದವಾಯಿತು, ಜೀವಿ ಮಾತ್ರ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟೇ ಉದ್ದ.

ಕಳ್ಳನೆಂದು ಹಿಡಿದು ತಂದವನು ಮುಂದೆ ಮನೆಯ ಆಳಾದ ಕಥೆ ಇದು. ಈ ಜೀವಿಗೆ ಅನ್ನ ಬೇಡ, ಸಕ್ಕರೆ ಬೇಡ, ಬೆಳಕೂ ಬೇಡ. ಗಾಳಿಯೊಳಗಿನ ಇಂಗಾಲಾಮ್ಲದಿಂದ ತನ್ನ ಒಡಲನ್ನು ಕಟ್ಟಿಕೊಳ್ಳುತ್ತದೆ. ಅದಕ್ಕೆ ಬೇಕಾದ ಶಕ್ತಿಯನ್ನು ಕಬ್ಬಿಣಕ್ಕೆ ತುಕ್ಕು ಹಿಡಿಸುವುದರಿಂದಲೂ ಗಂಧಕವನ್ನು ಗಂಧಕಾಮ್ಲವಾಗಿಸುವುದರಿಂದಲೂ ಪಡೆಯುತ್ತದೆ. ಮನುಷ್ಯನ ಕೈ ಸುಡುವ ಹುಳಿಯಲ್ಲಿ ಅದಕ್ಕೆ ಸುಖ. ಅದು ಬಿಡಿಸಿದ ಕಬ್ಬಿಣದ ದ್ರಾವಣ ತಿರುಗಿ ಪೈರೈಟನ್ನು ಕೊರೆಯುತ್ತದೆ. ಕೊರೆದಾಗ ಹೊರಬಂದ ಕಬ್ಬಿಣ ತಿರುಗಿ ಇದಕ್ಕೆ ಆಹಾರವಾಗುತ್ತದೆ. ಹುಳಿನೀರಿನಲ್ಲಿ ಗಾಳಿಯೊಂದೇ ಮಾಡಬೇಕಾದ ಈ ಕೆಲಸವನ್ನು ಇದು ಲಕ್ಷಾಂತರ ಪಟ್ಟು ಬೇಗ ಮಾಡಿ ಮುಗಿಸುತ್ತದೆ. ಜೊತೆಗೆ ಇದರ ಬಳಗದವರೂ ಇದ್ದಾರೆ. ಆರ್ಮೇನಿಯದಲ್ಲಿ ದೊರೆತು ೧೯೭೨ರಲ್ಲಿ ವರ್ಣಿಸಲ್ಪಟ್ಟ, ಸುರುಳಿಯಾಕಾರದ ಲೆಪ್ಟೊಸ್ಪಿರಿಲಮ್ ಎಂಬುದು ಅವರಲ್ಲಿ ಮುಖ್ಯವಾದುದು.

ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಂತರ್ಜಲದ ಮಟ್ಟದಿಂದ ಮೇಲೆ, ಗಾಳಿ ಮಳೆ ಎರಡೂ ಒಳಹೋಗುವಲ್ಲಿ, ಇಂಥ ಅಣುಜೀವಿಗಳು ಲಕ್ಷಾಂತರ ವರ್ಷ ದುಡಿದು ಪೈರೈಟನ್ನು ತಿಂದುಹಾಕಿದವು. ಕಬ್ಬಿಣ ಕೆಂಪು ತುಕ್ಕಾಗಿ ನಿಂತಿತು. ಗಂಧಕ ನೀರಿನೊಡನೆ ಹೋಯಿತು. ಬೆಣಚುಕಲ್ಲು ಜೇನುಗೂಡಿನಂತೆ ತೂತುತೂತಾಯಿತು. ಯಾವುದರ ಹಂಗಿಗೂ ಒಳಗಾಗದ ಚಿನ್ನ ಮಾತ್ರ ಆ ತೂತುಗಳಲ್ಲಿ ಬಿಡಿಯಾಗಿ ಉಳಿಯಿತು. ಹಳಬರು ಕೆಂಪು ತುಕ್ಕಿನ ಕಲ್ಲನ್ನು ಹುಡುಕಿ ಅಲ್ಲಿ ಅಗೆದರು. ಅಂತರ್ಜಲದ ಕೆಳಗೆ ಗಾಳಿಯಿಲ್ಲ. ಗಾಳಿಯಿಲ್ಲದೆ ಅಣುಜೀವಿಗೆ ಕೆಲಸವಿಲ್ಲ. ಅಲ್ಲಿ ಪೈರೈಟು ಇಡಿಯಾಗಿ ಉಳಿದಿತ್ತು. ಎಂದರೆ ನಮ್ಮ ಪೂರ್ವಿಕರು ಎಷ್ಟೋ ಕಡೆ ಗುದ್ದಲಿ ಕೆಳಗಿಟ್ಟದ್ದು, ಅಣುಜೀವಿ ತನ್ನ ಕೆಲಸ ನಿಲ್ಲಿಸಿದ್ದ ಮಟ್ಟದಲ್ಲಿಯೇ. ಪ್ರಾಚೀನ ಕರ್ನಾಟಕದ ಹೊನ್ನಿನಲ್ಲಿ, ಅರಸರ ವರಹಗಳಲ್ಲಿ, ಗುಡಿಯ ಕಲಶಗಳಲ್ಲಿ ಒಂದು ಪಾಲಾದರೂ ಈ ಕಾಣದ ಜೀವಿಗಳು ಬಿಡಿಸಿಕೊಟ್ಟದ್ದೆಂದು ಹೇಳಿದರೆ ತಪ್ಪಾಗದು. ರಾಜರ ಚರಿತ್ರೆಯನ್ನು ಬರೆದ ನಮ್ಮವರು ಗಣಿಯ ಆಳುಗಳನ್ನೇ ಲೆಕ್ಕಕ್ಕೆ ಹಿಡಿದಿಲ್ಲವೆಂದ ಮೇಲೆ ಇವುಗಳನ್ನು ಹಿಡಿಯಲಿಲ್ಲವೆಂದು ದೂರುವುದು ಅತಿಯಾದೀತು.

ನಿಸರ್ಗ ಲಕ್ಷಾಂತರ ವರ್ಷಗಳಲ್ಲಿ ಮಾಡಿದುದನ್ನು ತೊಟ್ಟಿಯಲ್ಲಿ ನಾಲ್ಕೈದು ದಿನಗಳಲ್ಲಿ ಮಾಡಿಸುವುದು ಈಗಿನ ವಿದ್ಯೆ. ತಾಮ್ರದಲ್ಲಿ ಇದಕ್ಕೆ ೧೯೫೮ರಲ್ಲೇ ಅಮೇರಿಕದ ಕೆನ್ನಿಕಾಟ್ ಕಂಪನಿ ಹಕ್ಕುಪತ್ರ ಪಡೆದಿತ್ತು. ಚಿನ್ನದಲ್ಲಿ ಮೊದಲು ದೊಡ್ಡದಾಗಿ ಮಾಡಿ ತೋರಿಸಿದವರು ದಕ್ಷಿಣ ಆಫ್ರಿಕದ ಜೆನ್‌ಕೋರ್ ಕಂಪನಿಯವರು, ೧೯೮೬ರಲ್ಲಿ, ಬಾರ್ಬರ್ಟನ್ ಬಳಿಯ ಫೇರ್‌ವ್ಯೂ ಗಣಿಯಲ್ಲಿ. ಅಲ್ಲಿ ಹಿಂದೆ ಹುರಿಯುವ ಕುಲುಮೆಗಳಿದ್ದವು; ಅವುಗಳ ಹೊಗೆ ಸಾಕಾಗಿಯೇ ಅವರು ತೊಟ್ಟಿಗಳಿಗೆ ತಿರುಗಿದರು. ೧೯೯೪ರಲ್ಲಿ ಘಾನಾ ದೇಶದ ಒಬುವಾಸಿಯಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಸ್ಥಾವರವೆದ್ದಿತು.

ಈ ತೊಟ್ಟಿಯೊಳಗೆ ನಡೆಯುವುದನ್ನು ನಮ್ಮ ಕಡೆಯವರಿಗೆ ತಿಳಿಸಿ ಹೇಳುವುದು ಕಷ್ಟವಲ್ಲ. ಸಕ್ಕರೆ ಕಾರ್ಖಾನೆಗಳ ಬಟ್ಟಿಮನೆಗಳಲ್ಲಿ ಕಾಕಂಬಿಯನ್ನು ತೊಟ್ಟಿಗೆ ತುಂಬಿ ಕಿಣ್ವವನ್ನು ಬಿಡುವುದನ್ನು ಗೋಕಾಕ, ಹುಕ್ಕೇರಿ, ಮೂಡಲಗಿಗಳ ಸೀಮೆಯಲ್ಲಿ ಯಾರು ತಾನೆ ಕೇಳಿಲ್ಲ? ಹಾಲಿಗೆ ಹೆಪ್ಪು ಹಾಕುವ ತಾಯಂದಿರಿಗಂತೂ ಇದರ ಮರ್ಮವೆಲ್ಲ ಗೊತ್ತು: ಹಾಲು ಬಹಳ ಬಿಸಿಯಿರಬಾರದು, ಆರಿಯೂ ಇರಬಾರದು, ನಿನ್ನೆಯ ಮೊಸರು ಚೆನ್ನಾಗಿದ್ದರೆ ಇಂದಿನದೂ ಚೆನ್ನು. ಇಲ್ಲಿಯೂ ಹಾಗೆಯೇ. ಮೊದಲು ಅದಿರನ್ನು ನುಣ್ಣಗೆ ಬೀಸಿ, ನೊರೆಯ ಮೇಲೆ ತೇಲಿಸಿ, ಗಂಧಕದ ಭಾಗವನ್ನಷ್ಟೇ ಬೇರ್ಪಡಿಸಿ ಗಟ್ಟಿಸುತ್ತಾರೆ. ಒಂದು ಟನ್ ಅದಿರಿನಲ್ಲಿ ಅರ್ಧ ತೊಲೆಯೂ ಚಿನ್ನ ಸಿಗದಿರುವುದೇ ಸಾಮಾನ್ಯವಾದುದರಿಂದ, ಎಲ್ಲ ಕಲ್ಲನ್ನೂ ಅಣುಜೀವಿಗೆ ಬಡಿಸುತ್ತ ಕುಳಿತರೆ ಪೂರೈಸದು. ಆ ಗಟ್ಟಿಯನ್ನು ನೀರಿನೊಡನೆ ಕಲಸಿ ದೊಡ್ಡ ತೊಟ್ಟಿಗಳ ಸಾಲಿಗೆ ಬಿಡುತ್ತಾರೆ, ಕೆಳಗಿಂದ ಗಾಳಿ ಊದುತ್ತಾರೆ, ಸದಾ ಕಡೆಯುತ್ತಾರೆ. ಗಂಧಕ ಉರಿಯದೆಯೇ ಉರಿದಂತೆ ಕಾವು ಏಳುತ್ತದೆ. ಅದನ್ನು ತಂಪುನೀರಿನ ಕೊಳವೆಗಳಿಂದ ಇಳಿಸಿ ೪೦ ಡಿಗ್ರಿಯ ಆಸುಪಾ‌ಸಿನಲ್ಲಿ ನಿಲ್ಲಿಸಬೇಕು. ಕಾವು ಮೀರಿದರೆ ಜೀವಿಗಳು ಸತ್ತು, ಹಾಲು ಒಡೆದಂತೆ ಎಲ್ಲವೂ ಕೆಡುತ್ತದೆ. ಕೊನೆಗೆ ಉಳಿದುದನ್ನು ತೊಳೆದು, ಸುಣ್ಣ ಹಾಕಿ ಹುಳಿ ಮುರಿದು, ಸೈನೈಡಿಗೆ ಕೊಡುತ್ತಾರೆ. ಅರ್ಧ ಚಿನ್ನವನ್ನೂ ಬಿಟ್ಟುಕೊಡದಿದ್ದ ಅದಿರು ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಕೊಡುವಂತಾಗುತ್ತದೆ.

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಬೆಳೆಸಿದ ಕೀರ್ತಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗದ ಪ್ರೊ. ಕೆ. ಎ. ನಟರಾಜನ್ ಅವರಿಗೂ ಅವರ ಸಂಗಡಿಗರಿಗೂ ಸಲ್ಲಬೇಕು. ರಸಾಯನ ಇಂಜಿನಿಯರಿಂಗ್ ವಿಭಾಗದ ಪ್ರೊ. ಜಯಂತ ಮೋದಕ್ ಅವರೂ ಇದರಲ್ಲಿ ಕೈಗೂಡಿಸಿದರು. ಅವರು ಕೈಗೆತ್ತಿಕೊಂಡ ಅದಿರುಗಳಲ್ಲಿ ಮುಖ್ಯವಾದುದು ಚಿತ್ರದುರ್ಗದ ಬಳಿಯ ಜಿ. ಆರ್. ಹಳ್ಳಿಯದು. ಪೈರೈಟೂ ಆರ್ಸೆನೊಪೈರೈಟೂ ಕೂಡಿದ, ಸೈನೈಡಿಗೆ ಬಗ್ಗದ ಅದಿರು. ತೊಡಕು ಇದ್ದುದು ಪಾಷಾಣದಲ್ಲಿ. ಕವಚ ಕರಗಿದಂತೆಲ್ಲ ಪಾಷಾಣವೂ ಕರಗಿ ನೀರಿಗೆ ಬರುತ್ತದೆ. ಅದು ಮನುಷ್ಯನಿಗಿರಲಿ, ಅಣುಜೀವಿಗೂ ವಿಷವೇ. ಆದುದರಿಂದ ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು, ಹೀಗೆ ಅದಿರಿನ ಪ್ರಮಾಣವನ್ನು ತಲೆಮಾರಿನಿಂದ ತಲೆಮಾರಿಗೆ ಏರಿಸುತ್ತ ಹೋಗಿ ವಿಷಕ್ಕೆ ಒಗ್ಗಿದ ತಳಿಯನ್ನು ಸಿದ್ಧಪಡಿಸಿಕೊಳ್ಳಬೇಕು. ಅರಸರ ಶತ್ರುಗಳನ್ನು ಕೊಲ್ಲಲು ವಿಷಕನ್ಯೆಯರನ್ನು ಬೆಳೆಸುತ್ತಿದ್ದರೆಂದು ಹಳೆಯ ಕಥೆಗಳು ಹೇಳುತ್ತವಲ್ಲ, ಆ ಬಗೆಯ ಸಾಕಣೆ ಇದು. ಬೆಂಗಳೂರಿನವರು ಇದನ್ನು ಸಾಧಿಸಿದರು. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ಹಟ್ಟಿಯ ಗಣಿಯಲ್ಲಿಯೇ ಪ್ರಾತ್ಯಕ್ಷಿಕೆಯ ಒಂದು ಸಣ್ಣ ಸ್ಥಾವರವನ್ನೂ ನಿಲ್ಲಿಸಿ ಈ ಕ್ರಮ ನಮ್ಮ ನೆಲದಲ್ಲಿ ನಡೆಯುತ್ತದೆಂದು ತೋರಿಸಿದರು.

ಹಟ್ಟಿಯ ಕಂಪನಿ ಸ್ಥಾಪನೆಯಾದುದು ೧೯೪೭ರಲ್ಲಿ, ನಿಜಾಮನ ಆಳಿಕೆಯ ಹೈದರಾಬಾದಿನ ಹೆಸರಿನಲ್ಲಿ. ಅದೇ ವರ್ಷ ಅಮೇರಿಕದಲ್ಲಿ ಆ ಬ್ಯಾಕ್ಟೀರಿಯ ಬೆಳಕಿಗೆ ಬಂದಿತ್ತು. ಎರಡೂ ಕಡೆಗೆ ಸೇರಿಬರಲು ಅರ್ಧ ಶತಮಾನ ಹಿಡಿಯಿತು. ಆದರೂ ಈ ವಿದ್ಯೆ ಹಟ್ಟಿಯ ನಿತ್ಯದ ಕೆಲಸವಾಗಲಿಲ್ಲ. ಹಟ್ಟಿಯ ಸ್ವಂತ ಅದಿರು ಬಹುಮಟ್ಟಿಗೆ ಸೈನೈಡಿಗೆ ತಾನಾಗಿ ಬಗ್ಗುವಂಥದು. ಮುಖ್ಯ ಉತ್ಪಾದನೆ ಆ ದಾರಿಯಲ್ಲೇ ನಡೆದುಬಂದಿದೆ. ಇದನ್ನು ಕಂಡು ನಮ್ಮವರಿಗೆ ಸಾಹಸ ಸಾಲದು ಎಂದು ಹೇಳುವವರುಂಟು. ನನ್ನ ಅಭಿಪ್ರಾಯ ಬೇರೆ. ಹಸಿದವನಿಗಲ್ಲದೆ ಅಡಿಗೆ ರುಚಿಸದು. ಹಗುರಾದ ಚಿನ್ನ ಕೈಗೆ ಸಿಗುತ್ತಿರುವವರೆಗೆ ಮೊಂಡು ಅದಿರಿಗೆ ತೊಟ್ಟಿ ಕಟ್ಟುವ ಗರಜು ಯಾರಿಗೂ ಬೀಳುವುದಿಲ್ಲ. ಹೊಸ ತಾಣಗಳನ್ನು ಹುಡುಕಿ ಹೊರಟವರು ಮಾತ್ರ ಈ ಬೀಗದ ಮುಂದೆ ಬಂದು ನಿಲ್ಲುತ್ತಾರೆ.

ಅಣುಜೀವಿಯ ಗುಣಗಾನವನ್ನಷ್ಟೇ ಮಾಡಿ ಕೈಬಿಡುವುದು ಸರಿಯಲ್ಲ. ತೊಟ್ಟಿಯೊಳಗೆ ಚಿನ್ನ ಬಿಡಿಸುವ ಕ್ರಿಯೆಯೇ ತೊಟ್ಟಿಯ ಹೊರಗೆ ನಡೆದರೆ ಪಾಷಾಣವನ್ನು ಬಾವಿಗೆ ಬಿಡುತ್ತದೆ. ಗಣಿ ತೋಡುವುದೆಂದರೆ, ಗಾಳಿಯೇ ಇಲ್ಲದಿದ್ದಲ್ಲಿಗೆ ಗಾಳಿಯನ್ನು ಕಳಿಸುವುದು. ಅಗೆದ ಕಲ್ಲನ್ನು ಹೊರಗೆ ಒಟ್ಟುವುದೆಂದರೆ, ಪೈರೈಟನ್ನು ಮಳೆಗೂ ಅಣುಜೀವಿಗೂ ಒಪ್ಪಿಸುವುದು. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಊರಿದೆ—ಕಡಲ ತೀರದ್ದಲ್ಲ, ಚಿನ್ನದ ಹಳೆಯ ಗಣಿಯಿರುವ ಬೇರೆಯ ಮಂಗಳೂರು. ಅದರ ಸಮೀಪದ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳಲ್ಲಿ ಗಂಟು, ಮೈಮೇಲೆ ಕಲೆ. ಅವರು ಕುಡಿಯುತ್ತಿದ್ದ ನೀರಿನಲ್ಲಿ ಪಾಷಾಣ ಮಿತಿಮೀರಿ ಇದ್ದುದನ್ನೂ ಆ ಪ್ರದೇಶದ ಚಿನ್ನದ ಶಿಲೆಗಳಲ್ಲಿ ಆರ್ಸೆನೊಪೈರೈಟು ಇರುವುದನ್ನೂ ೨೦೧೩ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಿವರಿಸಿದೆ. ಆ ತಾಂಡಾದವರು ಚಿನ್ನ ಹಂಚಿಕೊಂಡವರಲ್ಲ.

ತೊಟ್ಟಿಯ ವಿಧಾನದ ನಿಜವಾದ ಹೆಚ್ಚುಗಾರಿಕೆ ನನಗೆ ಕಾಣುವುದು ಈ ವಿಷಯದಲ್ಲಿ, ಚಿನ್ನದ ಲೆಕ್ಕದಲ್ಲಲ್ಲ. ಅಲ್ಲಿ ಪಾಷಾಣ ಹೊಗೆಯಾಗಿ ಊರ ಮೇಲೆ ಹೋಗುವುದಿಲ್ಲ. ದ್ರಾವಣಕ್ಕೆ ಸುಣ್ಣ ಹಾಕಿದಾಗ ಅದು ಕಬ್ಬಿಣದೊಡನೆ ಕೂಡಿ, ನೀರಿಗೆ ಸುಲಭವಾಗಿ ಕರಗದ ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ಆ ಗಟ್ಟಿಯನ್ನು ಒಡ್ಡು ಕಟ್ಟಿ ತಲೆತಲಾಂತರ ಕಾಯಬೇಕು. ಗಣಿ ಮುಚ್ಚಿದ ಮೇಲೆ ಅದನ್ನು ಕಾಯುವವರು ಯಾರು ಎಂಬುದನ್ನು ಗಣಿ ತೆರೆಯುವ ಮೊದಲೇ ಬರೆದಿಡಬೇಕಾಗುತ್ತದೆ. ಕೋಲಾರದ ಸೈನೈಡ್ ದಿಬ್ಬಗಳ ಧೂಳು ಬೇಸಗೆಯ ಗಾಳಿಗೆ ಮನೆಮನೆಯೊಳಗೆ ಬರುವುದನ್ನು ಕಂಡ ಅಲ್ಲಿಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಲಗಾರರು ಮರಳು ತೊಳೆದ ಕಪ್ಪತಗುಡ್ಡದ ವಿಚಾರ ಇನ್ನೂ ಮುಗಿದಿಲ್ಲ. ಚಿನ್ನದ ಬೆಲೆ ಏರಿದಾಗಲೆಲ್ಲ ಆ ಗುಡ್ಡದ ಮೇಲೆ ಕಣ್ಣುಗಳು ಬೀಳುತ್ತಲೇ ಬಂದಿವೆ. ೨೦೧೭ರಲ್ಲಿ ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನ ಗುಡ್ಡದ ರಕ್ಷಣೆಗಾಗಿ ಬೀದಿಗೆ ಬಂದರು. ೨೦೧೯ರಲ್ಲಿ ಅದು ವನ್ಯಜೀವಿಧಾಮವಾಯಿತು. ಗಣಿಗೆ ಅವಕಾಶ ಕೇಳುವ ಪ್ರಸ್ತಾವಗಳು ಅದಾದ ಮೇಲೂ ನಿಂತಿಲ್ಲ. ಅಲ್ಲಿಯ ಮೇಲಣ ಹೊನ್ನನ್ನು ಜಲಗಾರರು ಎಂದೋ ತೊಳೆದು ತೆಗೆದಿದ್ದಾರೆ. ಉಳಿದಿರುವುದು ಹೆಚ್ಚಾಗಿ ಕೆಳಗಿನದು, ಗಂಧಕ ಪಾಷಾಣಗಳ ಜೊತೆಯಲ್ಲಿರುವುದು. ಅದನ್ನು ಕೇಳುವವರ ಅರ್ಜಿಯಲ್ಲಿ ಟನ್ನಿಗೆ ಎಷ್ಟು ಗ್ರಾಮು ಚಿನ್ನವೆಂದು ಬರೆದಿರುತ್ತದೆ. ಟನ್ನಿಗೆ ಎಷ್ಟು ಪಾಷಾಣವೆಂಬುದನ್ನೂ ಅದೇ ಸಾಲಿನಲ್ಲಿ ಬರೆಯಿರೆಂದು ಗದಗ, ಮುಂಡರಗಿ, ಶಿರಹಟ್ಟಿಗಳ ಜನ ಕೇಳಬಹುದು.